ಪೌಡರ್ ನಿಲ್ಲದ ಜಾಗ

ನನ್ನ ಕಸುಬು ಪೌಡರ್ ಕೋಟಿಂಗ್. ಕೊಯಮತ್ತೂರಿನ ಗಣಪತಿ ಬಡಾವಣೆಯಲ್ಲಿ, ಪಂಪು ಮಾಡುವ ವರ್ಕ್‌ಶಾಪುಗಳ ಸಾಲಿನ ಹಿಂದೆ ನಮ್ಮ ಶೆಡ್ಡಿದೆ. ಶುರು ಮಾಡಿದ್ದು ನಮ್ಮವರು, ನನ್ನ ಗಂಡ. ಅವರ ಬೆನ್ನು ಕೈಕೊಟ್ಟ ಮೇಲೆ ಹನ್ನೊಂದು ವರ್ಷದಿಂದ ನಾನೇ ನಡೆಸುತ್ತಿದ್ದೇನೆ. ಗೇಟು, ಕಿಟಕಿಯ ಗ್ರಿಲ್ಲು, ಪಂಪಿನ ಮುಚ್ಚಳ, ಬನಿಯನ್ ಕಂಪನಿಗಳ ಮೇಜಿನ ಕಾಲು, ಏನು ಬಂದರೂ ತೊಳೆದು, ಬಣ್ಣದ ಪುಡಿ ಹೊಡೆದು, ಓವನ್ನಿನಲ್ಲಿ ಬೇಯಿಸಿ ಕಳಿಸುತ್ತೇವೆ. ಇಂಥ ನಾನು ಸ್ವಂತ ತಮ್ಮನಿಗೆ ‘ಪೌಡರ್ ಬೇಡ, ಪೇಂಟ್ ಹೊಡೆಸು’ ಎಂದದ್ದಕ್ಕೆ ಇಡೀ ತವರುಮನೆ ನನ್ನ ಮೇಲೆ ತಿರುಗಿಬಿತ್ತು. ಆ ಸಿಟ್ಟು ಇನ್ನೂ ಆರಿಲ್ಲ. ಆರುವುದು ನನಗೂ ಬೇಕಿಲ್ಲ.

ತಮ್ಮ ನಮ್ಮ ತವರೂರು ಧಾರಾಪುರಂನಲ್ಲಿದ್ದಾನೆ. ನಾವು ತಲೆಮಾರುಗಳಿಂದ ಈ ತಮಿಳು ಸೀಮೆಯಲ್ಲೇ ಇರುವ ಕನ್ನಡದ ನೇಕಾರರು. ಅಪ್ಪನ ಕಾಲದ ಮಗ್ಗಗಳು ಹೋದ ಮೇಲೆ ನೂಲಿನ ವ್ಯಾಪಾರ ಹಿಡಿದು, ತಿರುಪ್ಪೂರಿಗೂ ಮನೆಗೂ ಓಡಾಡಿಕೊಂಡು ಚೆನ್ನಾಗಿಯೇ ಇದ್ದ. ನಲವತ್ತೈದು ದಾಟಿದ ಮೇಲೆ ಅವನಿಗೆ ಹಾಟ್ ರಾಡ್ ಹುಚ್ಚು ಹಿಡಿಯಿತು. ಹಳೆಯ ಗಾಡಿಯ ಮೈ ಕಳಚಿ, ಅಡಿಚೌಕಟ್ಟಾದ ಚಾಸಿಯನ್ನು ತಗ್ಗಿಸಿ, ಇಂಜಿನ್ನನ್ನು ಬಯಲಿಗಿಟ್ಟು, ಹಿಂದೆ ದಪ್ಪ ಚಕ್ರ ಹಾಕಿ ಓಡಿಸುವುದು. ಫೋನಿನಲ್ಲಿ ಅಮೆರಿಕದವರ ವಿಡಿಯೋ ನೋಡಿ ನೋಡಿ ತಲೆ ಕೆಡಿಸಿಕೊಂಡು, ಎಲ್ಲಿಂದಲೋ ಒಂದು ಹಳೆಯ ಜೀಪು ಎಳೆದುಕೊಂಡು ಬಂದ. ರಸ್ತೆಗೆ ಬಿಡುವುದಿಲ್ಲ, ಗೋದಾಮಿನ ಅಂಗಳದಲ್ಲಿ ಮಾತ್ರ ಎಂದ. ಮಾಡಿಕೊಳ್ಳಲಿ ಎಂದುಕೊಂಡೆ. ಅವನ ಸಂತೋಷಕ್ಕೆ ನಾನೇಕೆ ಅಡ್ಡ ಬರಲಿ?

ಚಾಸಿಗೆ ಬಣ್ಣದ ಮಾತು ಬಂದಾಗ ಜಗಳ ಶುರುವಾಯಿತು. ಅವನಿಗೆ ಕನ್ನಡಿಯ ಹಾಗೆ ಹೊಳೆಯುವ ಕಪ್ಪು ಪೌಡರ್ ಕೋಟಿಂಗೇ ಬೇಕು. ನಾನು ಫೋನಿನಲ್ಲಿ ಬಿಡಿಸಿ ಹೇಳಿದೆ. ಚಾಸಿ ಎಂದರೆ ಗೇಟಲ್ಲ, ಓಡುವಾಗ ತಿರುಚಿಕೊಳ್ಳುತ್ತದೆ. ಹಳೆಯ ಕಬ್ಬಿಣ, ಮೇಲೆ ಹೊಸ ವೆಲ್ಡಿಂಗು, ಎಲ್ಲಾದರೂ ಬಿರುಕು ಬಿಡಬಹುದು. ತೆಳುವಾಗಿ ತಿಳಿ ಬಣ್ಣದ ಪೇಂಟ್ ಹೊಡೆದಿದ್ದರೆ ಕಬ್ಬಿಣದ ಜೊತೆ ಪೇಂಟೂ ಸೀಳಿ, ತುಕ್ಕಿನ ಗೆರೆ ಕಣ್ಣಿಗೆ ಕಾಣುತ್ತದೆ. ಪೌಡರ್ ದಪ್ಪ. ಒಳಗೆ ಕಬ್ಬಿಣ ಸೀಳುತ್ತಿದ್ದರೂ ಎಷ್ಟೋ ದಿನ ಮೇಲೆ ನುಣ್ಣಗೇ ಇರುತ್ತದೆ. ಇದನ್ನು ಪುಸ್ತಕ ಓದಿ ಹೇಳಿದ್ದಲ್ಲ, ದಿನಾ ಕೈಯಲ್ಲಿ ಮಾಡುವವಳು ಹೇಳಿದ್ದು.

“ತಿಳಿ ಬೂದಿ ಬಣ್ಣನಾ? ಅಕ್ಕಾ, ನೋಡೋಕೆ ಆಸ್ಪತ್ರೆ ಕಟ್ಟಿಲ್ ಮಾದಿರಿ ಇರ್ತದೆ!”

“ಮಂಚದ ಹಾಗೇ ಇರ್ಲಿ. ಆಸ್ಪತ್ರೇಲಿ ಹೋಗಿ ಮಲಗೋದಕ್ಕಿಂತ ಮೇಲು,” ಎಂದೆ.

ಮರುದಿನ ಅಮ್ಮನ ಫೋನು. ಕುಶಲ ಕೇಳಲಿಲ್ಲ, ಊಟ ಆಯಿತಾ ಎಂದೂ ಕೇಳಲಿಲ್ಲ.

“ಊರವರ ಗೇಟ್‌ಗೆಲ್ಲಾ ಹೊಡಿತೀಯ. ಕೂಡ ಹುಟ್ಟಿದವನ ವಂಡಿಗೆ ಹೊಡಿಯಕ್ಕೆ ಮಾತ್ರ ನಿನ್ಗೆ ಕೈ ಬರಲ್ವಾ? ಅವ್ನು ಆಸೆಪಟ್ಟು ಕೇಳ್ತಾ ಇದಾನೆ. ನಿನ್ಗೆ ಯಾಕೆ ಇಷ್ಟು ಹೊಟ್ಟೆಕಿಚ್ಚು?”

ಹೊಟ್ಟೆಕಿಚ್ಚಂತೆ! ಮೈಯೆಲ್ಲ ಉರಿದುಹೋಯಿತು. ಗಣಪತಿಯ ದೊಡ್ಡ ದೊಡ್ಡ ವರ್ಕ್‌ಶಾಪಿನವರು, ಇಂಜಿನಿಯರುಗಳು, ನಾನು ಇದಕ್ಕೆ ಪೌಡರ್ ಆಗದು ಎಂದರೆ ಸರಿಯಮ್ಮಾ ಎಂದು ವಾಪಸು ಒಯ್ಯುತ್ತಾರೆ. ತವರಿನಲ್ಲಿ ಮಾತ್ರ ನಾನು ಇನ್ನೂ ಅಪ್ಪನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ಹುಡುಗಿ. ಆದರೂ ಅಮ್ಮನ ಬಾಯಿಯಿಂದ ಆ ಮಾತು ಇನ್ನೊಮ್ಮೆ ಕೇಳುವುದು ಬೇಡವಾಗಿ ‘ಕಳಿಸಲಿ’ ಎಂದುಬಿಟ್ಟೆ. ಅವರ ಮೇಲಿರುವಷ್ಟೇ ಸಿಟ್ಟು ಆ ಒಂದು ಮಾತಿಗಾಗಿ ನನ್ನ ಮೇಲೂ ನನಗಿದೆ.

ಚಾಸಿ ಟೆಂಪೋದಲ್ಲಿ ಬಂತು. ತುಡಿಯಲೂರಿನಲ್ಲಿ ಮರಳು ಹೊಡೆಸಿ ತುಕ್ಕೆಲ್ಲ ತೆಗೆಸಿದ್ದ, ಕಬ್ಬಿಣ ಬೂದಿ ಬಣ್ಣಕ್ಕೆ ಚೊಕ್ಕಟವಾಗಿತ್ತು. “ನಿಂಗೆ ತೊಂದ್ರೆ ಬೇಡ ಅಂತ ನಾನೇ ಮಾಡಿಸ್ದೆ ಅಕ್ಕಾ,” ಎಂದು ಫೋನಿನಲ್ಲಿ ಹೇಳಿದ. ಹೊರಗಿನವರ ಸಾಮಾನಾಗಿದ್ದರೆ ಮೊದಲು ಇಂಚಿಂಚೂ ಸುತ್ತಿಗೆಯಲ್ಲಿ ತಟ್ಟಿ ನೋಡುತ್ತಿದ್ದೆ. ತಮ್ಮ ಕಳಿಸಿದ್ದಲ್ಲವೇ ಎಂದು ಒರೆಸಿ ಕೊಂಡಿಗೆ ನೇತುಹಾಕಿಸಿದೆ.

ಪುಡಿ ಹೊಡೆಯುವ ಗನ್ನು ಹಿಡಿಯುವವರು ನಮ್ಮಲ್ಲಿ ಮೊದಲಿನಿಂದಲೂ ಇರುವ ಹಿರಿಯರು, ತಮಿಳಿನವರು. ಗನ್ನಿನಿಂದ ಹೊರಟ ಪುಡಿಗೆ ಕರೆಂಟಿನ ಸೆಳೆತ ಇರುತ್ತದೆ, ಕಬ್ಬಿಣ ಕಂಡಲ್ಲಿ ಹೋಗಿ ಅಂಟುತ್ತದೆ. ಅರ್ಧ ಮುಗಿದಿರಬೇಕು, ಅವರು ಗನ್ನು ನಿಲ್ಲಿಸಿ ಕರೆದರು.

“ಅಕ್ಕಾ, ಇಂಗ ಪೌಡರ್ ನಿಕ್ಕ ಮಾಟೇಂಗುದು.”

ಒಂದು ಜಾಗದಲ್ಲಿ ಪುಡಿ ನಿಲ್ಲುತ್ತಿಲ್ಲವಂತೆ. ಹೋಗಿ ನೋಡಿದೆ. ಹಿಂದಿನ ಚಕ್ರದ ಪಟ್ಟಿ ಸ್ಪ್ರಿಂಗು ತಗಲಿಕೊಳ್ಳುವ ಕಡೆ, ಎಡಗಡೆ, ಅಂಗೈ ಅಗಲ. ಸುತ್ತಲೂ ಕಪ್ಪು ಪುಡಿ ಮಖಮಲ್ಲಿನಂತೆ ಹಿಡಿದಿದೆ, ಅಲ್ಲಿ ಮಾತ್ರ ಉದುರಿ ಬೀಳುತ್ತಿದೆ. ಇನ್ನೊಮ್ಮೆ ಹೊಡೆಸಿದೆ, ಮತ್ತೆ ಉದುರಿತು. ಪುಡಿ ಅಂಟುವುದಿಲ್ಲ ಎಂದರೆ ಅಲ್ಲಿರುವುದು ಕಬ್ಬಿಣವಲ್ಲ. ಸ್ಕ್ರೂಡ್ರೈವರ್ ತರಿಸಿ ಕೆದಕಿದೆ. ಪುಟ್ಟಿ. ಗುದ್ದಿದ ಕಾರಿನ ಮೈ ನೇರ ಮಾಡಲು ಮೆತ್ತುವ ಪುಟ್ಟಿಯನ್ನು ಮೆತ್ತಿ, ಉಜ್ಜಿ ಉಜ್ಜಿ ಕಬ್ಬಿಣದ ಬಣ್ಣಕ್ಕೆ ಸರಿಹೊಂದಿಸಿದ್ದಾರೆ. ಅದು ಹಾಳೆ ಹಾಳೆಯಾಗಿ ಎದ್ದುಬಂದ ಮೇಲೆ ಕೆಳಗೆ ಬಿರುಕು ಕಂಡಿತು. ನನ್ನ ಕಿರುಬೆರಳಿಗಿಂತ ಉದ್ದ.

ಆ ಹಿರಿಯರು ಗಾಳಿಯ ಪೈಪು ತಂದು ಪುಡಿಯನ್ನೆಲ್ಲ ಊದಿ ಕೆಳಗೆ ಬೀಳಿಸಿದರು. ಬೇಯಿಸುವ ಮೊದಲಾದ್ದರಿಂದ ಎಲ್ಲ ಹೋಯಿತು. ನಾನು ತಮ್ಮನಿಗೆ ಫೋನು ಮಾಡಿ, ಈಗಲೇ ಹೊರಟು ಬಾ ಎಂದೆ. ಮಧ್ಯಾಹ್ನಕ್ಕೆ ಬಂದ. ಬಿರುಕಿನ ಮುಂದೆ ನಿಲ್ಲಿಸಿದೆ.

“ಇದೇನೋ?”

“ಸಣ್ಣ ಕ್ರ್ಯಾಕ್ ತಾನೇ ಅಕ್ಕಾ...”

“ಯಾವಾಗ ನೋಡಿದೆ?”

“ತಗೊಳ್ಳೋವಾಗ್ಲೇ.”

“ಮತ್ತೆ ಪುಟ್ಟಿ ಯಾಕೆ ಮೆತ್ತಿಸ್ದೆ? ವೆಲ್ಡಿಂಗ್ ಮಾಡೋರು ಸಿಗಲಿಲ್ವಾ ನಿನ್ಗೆ?”

“ನೀ ಕ್ರ್ಯಾಕೋ ವೆಲ್ಡಿಂಗೋ ನೋಡಿದ್ರೆ ಪೌಡರ್ ಹೊಡಿಯಲ್ಲ ಅಂತೀಯ. ಅದೂ ಅಲ್ದೆ ನಿನ್ನ ಕೋಟಿಂಗು ಗಟ್ಟಿ ಅಲ್ವಾ, ಹಿಡ್ಕೊಂಡಿರ್ತದೆ ಅಂತ ನೆನೆಸ್ದೆ.”

ಹಿಡಿದುಕೊಂಡಿರುತ್ತದಂತೆ! ಕೂದಲಿನಷ್ಟೇ ದಪ್ಪದ ಬಣ್ಣ ಒಂದು ಜೀಪಿನ ಭಾರ ಹೊರುತ್ತದೆ ಎಂದು ನಂಬಿದವನಿಗೆ ಏನೆಂದು ಹೇಳುವುದು? ನಾನು ಕೂಗಾಡಿದೆ. ಪಕ್ಕದ ಶೆಡ್ಡಿನವರು ಲೇತು ನಿಲ್ಲಿಸಿ ಇಣುಕಿದರು. ಹಾಗೆ ಕೂಗುತ್ತಿರುವಾಗಲೇ ಅಮ್ಮನ ಫೋನು ಬಂತು. ಕೈಯಲ್ಲೆಲ್ಲ ಪುಡಿ, ಸ್ಪೀಕರಿಗೆ ಹಾಕಿದೆ.

“ಬರೋ ವಾರಕ್ಕೆ ಒಳ್ಳೆ ದಿನ ಗುರ್ತು ಮಾಡಿಸಿದೀನಿ. ಸೀರೆ ಎತ್ತಿಟ್ಕೋ. ನೀ ತಾನೇ ಮೊದ್ಲು ಕೂತ್ಕೋಬೇಕು ವಂಡೀಲಿ.”

ನಮ್ಮ ಮನೆಯಲ್ಲಿ ಹಾಗೊಂದು ಪದ್ಧತಿ. ಹೊಸ ಮಗ್ಗ ಹೂಡಿದ ದಿನ ಮದುವೆಯಾಗಿ ಹೋದ ಮಗಳನ್ನು ಕರೆಸಿ ಮೊದಲು ಅವಳನ್ನು ಕೂರಿಸಿ, ಅವಳ ಕೈಯಿಂದ ಲಾಳಿ ಹೊಡೆಸುತ್ತಿದ್ದರು. ಮಗ್ಗ ಹೋದರೂ ಪದ್ಧತಿ ಹೋಗಲಿಲ್ಲ. ತಮ್ಮನ ಮೊದಲ ಸ್ಕೂಟರಿನಲ್ಲೂ, ಕಾರಿನಲ್ಲೂ ಮೊದಲು ಕೂತವಳು ನಾನೇ. ಇದನ್ನು ಅವನಿಗೆ ಯಾರೂ ನೆನಪಿಸಬೇಕಿರಲಿಲ್ಲ.

ಅಮ್ಮ ಇನ್ನೂ ಮಾತಾಡುತ್ತಿದ್ದಳು. ನಾನು ಫೋನು ಇಟ್ಟು ಅವನ ಮುಖ ನೋಡಿದೆ.

“ನಾನು ಕೂತ್ಕೊಳ್ಳೋದು ಅಂತ ಗೊತ್ತಿತ್ತಲ್ವಾ?”

ಅವನು ನೆಲ ನೋಡುತ್ತಿದ್ದ. “ಗೊತ್ತಿತ್ತು,” ಎಂದ.

ನನಗೆ ಅಳು ಬಂತು, ಅವನ ಮುಂದೆ ಅಳಬಾರದೆಂದು ಓವನ್ನಿನ ಹಿಂದಕ್ಕೆ ಹೋಗಿ ನಿಂತೆ. ಅವನು ಕೆಟ್ಟವನಲ್ಲ, ನನ್ನನ್ನು ಸಾಯಿಸಬೇಕೆಂದು ಮಾಡಿದ್ದಲ್ಲ. ಕಪ್ಪಗೆ ಹೊಳೆಯಬೇಕು ಎನ್ನುವ ಆಸೆಯಲ್ಲಿ ಅಕ್ಕನ ಜೀವ ಲೆಕ್ಕಕ್ಕೆ ಬರಲಿಲ್ಲ, ಅಷ್ಟೇ. ನನ್ನನ್ನು ಉರಿಸುವುದು ಆ ‘ಅಷ್ಟೇ’.

ಹಿಂದಿನ ಬೀದಿಯ ವೆಲ್ಡರನ್ನು ಕರೆಸಿದೆ. ಬಿರುಕು ಮುಂದಕ್ಕೆ ಓಡದಂತೆ ಅವರು ಎರಡೂ ತುದಿಗೆ ತೂತು ಕೊರೆದು, ಸೀಳನ್ನು ಗ್ರೈಂಡರಿನಲ್ಲಿ ಬಿಡಿಸಿ, ಬೆಸೆದು, ಮೇಲೊಂದು ತಗಡು ಕೂರಿಸಿ ಗಟ್ಟಿ ಮಾಡಿದರು. ಅದು ಆರುವ ಮೊದಲೇ ನಮ್ಮ ಮಹಾರಾಯ ಬಾಯಿ ಬಿಟ್ಟ: “ಈಗ ಪೌಡರ್ ಹೊಡಿಬೋದಲ್ವಾ ಅಕ್ಕಾ?” ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಅವನ ಕಡೆಗೇ ಎಸೆಯುತ್ತಿದ್ದೆ. ಶೆಡ್ಡಿನ ಮೂಲೆಯಲ್ಲಿ ಕೂತಿದ್ದ ನಮ್ಮವರು ಕುರ್ಚಿಯಿಂದಲೇ “ಏ, ಬೇಡ,” ಎಂದು ಗದರಿದ್ದಕ್ಕೆ ಮೇಜಿನ ಮೇಲಿಟ್ಟೆ.

ನಾನೇ ತಿಳಿ ಬೂದಿ ಬಣ್ಣದ ಪೇಂಟ್ ತರಿಸಿದೆ. ಪೌಡರ್ ಕೋಟಿಂಗಿನ ಯಜಮಾನಿ ತನ್ನ ಶೆಡ್ಡಿನ ಹೊರಗೆ ಕುಕ್ಕರಗಾಲಲ್ಲಿ ಕೂತು ಚಾಸಿಗೆ ಪೇಂಟ್ ಹೊಡೆಯುವುದನ್ನು ನೋಡಿ ಬೀದಿಯವರೆಲ್ಲ ನಕ್ಕರು. ಎರಡು ಕೋಟು ಹೊಡೆದೆ, ಪೇಂಟಿನ ಗನ್ನು ಹೋಗದ ಮೂಲೆಗಳಿಗೆ ಬ್ರಷ್ಷಿನಲ್ಲಿ ತೀಡಿದೆ. ತೆಳ್ಳಗೆ, ಒಳಗಿನದು ಒಂದಿಷ್ಟೂ ಮರೆಯಾಗದ ಹಾಗೆ. ಪುಟ್ಟಿಯ ವಿಷಯ ಅಮ್ಮನಿಗೆ ಹೇಳಲಿಲ್ಲ. ಹೇಳಿದರೂ ‘ಪಾಪ, ಅವನಿಗೇನು ಗೊತ್ತು’ ಎನ್ನುತ್ತಾಳೆ, ಅದನ್ನು ಕೇಳುವ ತಾಳ್ಮೆ ನನಗಿಲ್ಲ. ಹಾಗಾಗಿ ನನ್ನ ಹಟದಿಂದಲೇ ಮಗನ ಗಾಡಿ ಅಂದಗೆಟ್ಟಿತು ಎಂದು ಅವಳು ನಂಬಿದ್ದಾಳೆ.

ಗಾಡಿ ಜೋಡಿಸಿ ಮುಗಿದು, ಅಮ್ಮ ಇನ್ನೊಂದು ದಿನ ಗೊತ್ತುಮಾಡಿದಳು. ಗೋದಾಮಿನ ಅಂಗಳದಲ್ಲಿ ನೆಂಟರಿಷ್ಟರು ಸೇರಿದ್ದರು. ಗಾಡಿ ಚೆನ್ನಾಗಿತ್ತು, ಇಲ್ಲವೆನ್ನಲಾರೆ. ಆರತಿ ಎತ್ತಿದೆ. “ಹತ್ತು ಅಕ್ಕಾ,” ಎಂದು ತಮ್ಮ ಕೈ ನೀಡಿದ. ನಾನು ಆರತಿ ತಟ್ಟೆಯನ್ನು ಅಮ್ಮನ ಕೈಗೆ ಕೊಟ್ಟು, ರೇಷ್ಮೆ ಸೀರೆಯ ನೆರಿಗೆ ಎತ್ತಿ ಕಟ್ಟಿ, ಮಣ್ಣಿನ ಮೇಲೆ ಮಂಡಿಯೂರಿ ಫೋನಿನ ಟಾರ್ಚು ಹಾಕಿ ಗಾಡಿಯ ಅಡಿಗೆ ಬಗ್ಗಿದೆ. ಎಡಗಡೆ, ಬಲಗಡೆ, ಬೆಸುಗೆಯ ಉದ್ದಕ್ಕೂ ಬೆರಳಾಡಿಸಿದೆ. ಮೇಲಿನಿಂದ ಅಮ್ಮ “ಎಲ್ರ ಮುಂದೆ ಇದೇನು ನಿಂದು,” ಎಂದು ಹಲ್ಲು ಕಡಿದದ್ದು ಕೇಳಿಸಿತು.

ಎದ್ದು ಕೈ ಕೊಡವಿಕೊಂಡೆ.

“ನನ್ ಮೇಲೆ ನಂಬಿಕೆ ಇಲ್ವಾ ಅಕ್ಕಾ?” ಎಂದು ತಮ್ಮ ಮೆಲ್ಲಗೆ ಕೇಳಿದ.

“ಇಲ್ಲ,” ಎಂದು ಹತ್ತಿ ಕೂತೆ.