ಲತಾ ಬರೆದದ್ದು, ನಾನು ಅಳಿಸಿದ್ದು

ಕಳೆದ ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ನಮ್ಮ ಆಫೀಸಿನ ಬಾಗಿಲಲ್ಲಿ ಶಿವಲೀಲಾ ನಿಂತಿದ್ದರು. ಕೈಯಲ್ಲಿ ಹಾಲ್ ಟಿಕೆಟ್.

"ಸರ, ನನ್ನ ಹೆಸರು ಎಲ್ಲಿ ಹೋತ್ರೀ?"

ಅತ್ತಿಬೆಲೆಯ ಕಾರ್ಖಾನೆಯೊಂದರಲ್ಲಿ ಪಾಳಿ ಪಟ್ಟಿ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು ಎಂಬುದು ನಿಮಗೆ ಗೊತ್ತೇ ಇದೆ. (ಅಂಕಣ ಬರೆದೇ ಹೊಟ್ಟೆ ತುಂಬುತ್ತದೆ ಎಂದು ನಂಬಿದ್ದವರಿಗೆ ನಮಸ್ಕಾರ.) ಶಿವಲೀಲಾ ಅಲ್ಲಿ ಪ್ಯಾಕಿಂಗ್ ವಿಭಾಗದವರು. ಊರು ಸಿಂಧನೂರಿನ ಕಡೆ, ಚಂದಾಪುರದಲ್ಲಿ ಬಾಡಿಗೆ ಕೋಣೆ. ನಲವತ್ತರ ವಯಸ್ಸಿನಲ್ಲಿ ದೂರಶಿಕ್ಷಣದ ಬಿ.ಎ. ಕಟ್ಟಿದ್ದಾರೆ. ಅಂದು ಮಧ್ಯಾಹ್ನ ಮೂರಕ್ಕೆ ಪರೀಕ್ಷೆ.

ಅದಕ್ಕೇ ಹಿಂದಿನ ದಿನ ನನ್ನ ಸಹೋದ್ಯೋಗಿ ಲತಾಗೆ ಹೇಳಿ ಬೆಳಗಿನ ಪಾಳಿಗೆ ಹಾಕಿಸಿಕೊಂಡಿದ್ದರು. ಬೆಳಗಾದರೆ ಪಟ್ಟಿಯಲ್ಲಿ ಹೆಸರು ಮಧ್ಯಾಹ್ನದ ಪಾಳಿಯಲ್ಲೇ ಇತ್ತು. ವ್ಯಾನ್ ಡ್ರೈವರ್ ಹತ್ತಿಸಿಕೊಳ್ಳಲಿಲ್ಲ. ಬಸ್ ಹಿಡಿದು ಬಂದರೆ ಸೆಕ್ಯೂರಿಟಿಯವರು ಒಳಗೆ ಬಿಡಲಿಲ್ಲ. ನಮ್ಮ ಆಫೀಸು ತೆರೆಯುವವರೆಗೆ ಎರಡು ಗಂಟೆ ಗೇಟಿನಲ್ಲೇ ಕಾದಿದ್ದಾರೆ.

"ಮೇಡಂ ಟೈಪ್ ಮಾಡಿದ್ದು ನಾನ ಕಣ್ಣಾರೆ ನೋಡೀನ್ರಿ."

ಲತಾ ಮುಖ ಕೆಂಪಾಯಿತು. "ನಾನು ಹಾಕಿದ್ದೆ ಕಣ್ರೀ! ಎಲ್ಹೋಯ್ತು?"

ಪಟ್ಟಿ ಇರುವುದು ಸರ್ವರಿನಲ್ಲಿ. ನಾವೆಲ್ಲರೂ ತಿದ್ದಬಹುದು. ಆದರೆ ಒಬ್ಬರು ತಿದ್ದುವಾಗ ಫೈಲಿಗೆ ಬೀಗ ಬೀಳುತ್ತದೆ, ಉಳಿದವರು ಕಾಯಬೇಕು. ಯಾರು ಯಾವಾಗ ಸೇವ್ ಮಾಡಿದರು ಎಂಬುದೂ ದಾಖಲಾಗುತ್ತದೆ. ತೆರೆದು ನೋಡಿದೆವು. ಸಂಜೆ ನಾಲ್ಕು ಹತ್ತಕ್ಕೆ ಲತಾ. ನಾಲ್ಕು ಹನ್ನೆರಡಕ್ಕೆ ನಾನು.

ನೆನಪಾಯಿತು. ಹಿಂದಿನ ಸಂಜೆ ಪರದೆಯ ಮೇಲೆ 'ಲತಾ ತಿದ್ದುತ್ತಿದ್ದಾರೆ' ಎಂದು ಬರುತ್ತಿತ್ತು. ಕಾಯುವ ವ್ಯವಧಾನ ನನಗೆಲ್ಲಿ? ಅಂದು ಬೆಳಗ್ಗೆಯೇ ನನ್ನ ಕಂಪ್ಯೂಟರಿಗೆ ಇಳಿಸಿಕೊಂಡಿದ್ದ ಪ್ರತಿಯಲ್ಲಿ ನನ್ನ ಎರಡು ತಿದ್ದುಪಡಿ ಮಾಡಿಟ್ಟುಕೊಂಡೆ. ಬೀಗ ತೆರೆದದ್ದೇ ತಡ, ಅದನ್ನು ಅಪ್‌ಲೋಡ್ ಮಾಡಿದೆ. 'ಸರ್ವರಿನಲ್ಲಿರುವುದನ್ನು ತೆಗೆದು ಇದನ್ನು ಇಡಲೇ?' ಎಂದು ಕಂಪ್ಯೂಟರ್ ಕೇಳಿತ್ತು. ಓದದೆಯೇ ಯೆಸ್ ಒತ್ತಿದ್ದೆ. ಲತಾ ಬರೆದದ್ದೆಲ್ಲ ಅಲ್ಲಿಗೇ ಹೋಯಿತು.

'ಸಿಸ್ಟಮ್ ಪ್ರಾಬ್ಲಮ್' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಸುಳ್ಳೇಕೆ ಹೇಳಲಿ? (ಕಂಪ್ಯೂಟರ್ ಎದುರು ವಾದಿಸುವುದಿಲ್ಲವಲ್ಲ.) ಆದರೆ ಲತಾ ನನ್ನನ್ನೇ ನೋಡುತ್ತಿದ್ದರು.

"ತಪ್ಪು ನಂದೇ" ಎಂದೆ. ಮ್ಯಾನೇಜರಿಗೂ ಅದನ್ನೇ ಹೇಳಿದೆ.

"ಬೆಳಗಿನ ಪಾಳಿಗೇ ಹಾಕ್ರೀ. ಎರಡಕ್ಕೆ ಬಿಟ್ಬಿಡಿ" ಎಂದರು ಅವರು. ಲತಾ ಟೈಪ್ ಮಾಡಿದರು. ನಾನು ಕೈಕಟ್ಟಿ ಪಕ್ಕದಲ್ಲಿ ನಿಂತೆ.

ಎರಡಕ್ಕೆ ಶಿವಲೀಲಾ ಹೊರಟಾಗ ಹಿಂದೆಯೇ ಹೋಗಿ ಸಾರಿ ಕೇಳಿದೆ.

"ಇರ್ಲಿ ಬಿಡ್ರಿ ಸರ. ಆದ್ರ ಕೊಡೂಕಿಂತ ಮೊದ್ಲ ಒಮ್ಮಿ ಓದ್ರಿ. ನಾವೂ ಪರೀಕ್ಷಾದಾಗ ಹಂಗ ಮಾಡೂದು" ಎಂದು ನಕ್ಕು ಬಸ್ಸಿಗೆ ಓಡಿದರು.

ಒಂದೇ ಹಾಳೆಯಲ್ಲಿ ಹತ್ತು ಜನ ಬರೆಯುವ ಕಾಲವಿದು. ನೀವು ಕೊನೆಯ ಸಲ ಯೆಸ್ ಒತ್ತಿದಾಗ ಅಳಿದು ಹೋದದ್ದು ಯಾರ ಹೆಸರು, ಗೊತ್ತೇ?