ಮುದಿ ಮೋಡದ ಅರ್ಧ ಗಂಟೆ

ಒಂಟಿಕೊಪ್ಪಲಿನ ಆ ಬೀದಿಯ ಹೆಂಗಸರು ಸಂಡಿಗೆ ಇಡುವ ಮುನ್ನ ಆಕಾಶ ನೋಡುತ್ತಿರಲಿಲ್ಲ, ಸಿದ್ದಮಲ್ಲಪ್ಪನವರನ್ನು ಕೇಳುತ್ತಿದ್ದರು. ಇಲವಾಲದಾಚೆಯ ಒಂದು ಕೃಷಿ ತೋಟದ ಹವಾಮಾನ ಕೇಂದ್ರದಲ್ಲಿ ಮೂವತ್ತೊಂದು ವರ್ಷ ಮಳೆ ಅಳೆದ ಮನುಷ್ಯ. ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ನೀರು ಅಳೆದು ಬರೆಯುವುದು ಅವರಿಗೆ ವಿಭೂತಿ ಹಚ್ಚಿಕೊಂಡಷ್ಟೇ ಅಭ್ಯಾಸ. ನಿವೃತ್ತರಾದ ಮೇಲೂ ಬಿಡಲಿಲ್ಲ, ತಮ್ಮ ತಾರಸಿಯ ಮೇಲೇ ಒಂದು ಮಾಪಕ ಇಟ್ಟುಕೊಂಡರು.

ಬೇಸಿಗೆ ಮೋಡಗಳ ಜಾತಕವೆಲ್ಲ ಅವರ ನಾಲಿಗೆಯ ಮೇಲಿತ್ತು. "ಪಡುವಲ ಕಾಡಿನ ಮೇಲೆ ಹನ್ನೊಂದಕ್ಕೆ ಹುಟ್ತದೆ, ಎರಡಕ್ಕೆ ಹರೆಯ. ಬೆಳೆದು ಬೆಳೆದು ತಲೆ ಕಮ್ಮಾರನ ಅಡಿಗಲ್ಲಿನಂಗೆ ಚಪ್ಪಟೆಯಾಯ್ತದೆ. ಆಮೇಲೆ ತಣ್ಣನೆ ಗಾಳಿ, ಸುರಿತ. ಆ ತಂಪೇ ಕೆಳಗಿನ ಬಿಸಿಗಾಳಿನ ತಡೆದುಬುಡ್ತದೆ. ತನ್ನ ಮಳೆಯಿಂದ್ಲೇ ಮೋಡ ಸಾಯ್ತದೆ ಕಣ್ರೀ."

"ನನ್ನ ವಯಸ್ಸು ಕೇಳಿದ್ರೆ ತಡವರಿಸ್ತೀರ, ಮೋಡದ್ದು ಮಾತ್ರ ಗಂಟೆ ಸಮೇತ ಗೊತ್ತು" ಎಂದು ಹೆಂಡತಿ ಗಿರಿಜಾಂಬಾ ಕಿಚಾಯಿಸುತ್ತಿದ್ದರು.

ಮೂರು ವರ್ಷದ ಹಿಂದಿನ ಮೇ ತಿಂಗಳು. ನಾಲ್ಕು ಗಂಟೆಗೆ ಹೊಡೆದ ಮಳೆ ಐದರೊಳಗೆ ನಿಂತು, ಇಳಿಬಿಸಿಲೂ ಬಂತು. ತಾರಸಿಯ ಸಂಡಿಗೆಗೆ ಹೊದಿಸಿದ್ದ ಟಾರ್ಪಾಲಿನ ಮೇಲೆ ನೀರು ನಿಂತಿದೆಯೆಂದು ಗಿರಿಜಾಂಬಾ ಚಡಪಡಿಸಿದರು. ದೂರದಲ್ಲಿ ಒಮ್ಮೆ ಗುಡುಗಿತು. ಅವರು ಹೊಸ್ತಿಲಲ್ಲಿ ನಿಂತು ಗಂಡನ ಮುಖ ನೋಡಿದರು.

ಸಿದ್ದಮಲ್ಲಪ್ಪ ಕುರ್ಚಿಯಿಂದ ಏಳಲೂ ಇಲ್ಲ. "ಹೋಗು, ಅದು ಮುದಿ ಮೋಡ. ಅದರ ಕೈಲಿ ಇನ್ನೇನೂ ಆಗಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಿಡಿಲು ಬಡಿದಾಗ ಗಿರಿಜಾಂಬಾ ಟಾರ್ಪಾಲಿನ ಒಂದು ಮೂಲೆ ಎತ್ತಿದ್ದರಷ್ಟೆ.

ಸಿದ್ದಮಲ್ಲಪ್ಪನವರಿಗೆ ಗೊತ್ತಿರಲಿಲ್ಲವೆಂದಲ್ಲ. ಸಾಯುವ ಮೋಡದ ಹರಡಿದ ತಲೆಯಲ್ಲೂ ಸಿಡಿಲು ಉಳಿದಿರುತ್ತದೆ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಬಯಲಿಗೆ ಇಳಿಯಬೇಡಿ ಎಂದು ತೋಟದ ಆಳುಗಳಿಗೆ ಪ್ರತಿ ಬೇಸಿಗೆಯೂ ಹೇಳಿದವರು ಅವರೇ. ಮನೆಯಲ್ಲಿ ಮಾತ್ರ ಉದಾಸೀನ ಮಾಡಿದರು. ಮರುದಿನ ನೆಂಟರೆಲ್ಲ ನೆರೆದಿದ್ದಾಗ, ಎಂಟೂವರೆಗೆ ಯಾರಿಗೂ ಹೇಳದೆ ಮೇಲೆ ಹತ್ತಿ ಅಳೆದರು. ಹನ್ನೆರಡು ಮಿಲಿಮೀಟರ್. ಬರೆದು, ಅಲ್ಲೇ ಕುಸಿದು ಕೂತು ಅತ್ತರು. ಆಮೇಲೆ ಮಾಪಕ ಅಟ್ಟ ಸೇರಿತು. ಯಾರು ಕೇಳಿದರೂ "ನಂಗೇನು ಗೊತ್ತು" ಎನ್ನುವುದೇ ಉತ್ತರವಾಯಿತು.

ಈ ಮೇ ತಿಂಗಳಲ್ಲಿ ಒಂದು ಸಂಜೆ ಮಳೆ ನಿಂತ ಕೂಡಲೇ, ಮಹಡಿಯ ಬಾಡಿಗೆದಾರಳು ಪ್ರೇಮಲೀಲಾ ನೆನೆದ ಬಟ್ಟೆ ತರಲು ತಾರಸಿಗೆ ಹೊರಟಳು. ಎಪ್ಪತ್ತರ ಮುದುಕ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು ತಾರಸಿಯ ಬಾಗಿಲಿಗೆ ಅಡ್ಡ ನಿಂತರು.

"ಬ್ಯಾಡ ಕಣಮ್ಮ. ಇನ್ನೂ ಅರ್ಧ ಗಂಟೆ."

"ಬಿಸಿಲು ಬಂತಲ್ಲ ಸರ್!"

"ಬರಲಿ. ಕೂತ್ಕೋ."

ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಮಧ್ಯೆ ಒಮ್ಮೆ ಗುಡುಗಿದಾಗ ಅವರು ಗಡಿಯಾರ ನೋಡಿ, ಮೊದಲಿನಿಂದ ಲೆಕ್ಕ ಹಿಡಿದರು. ಪ್ರೇಮಲೀಲಾ ಮಗಳ ಪರೀಕ್ಷೆ, ಅಡುಗೆ ಅನಿಲ, ತವರಿನ ಸುದ್ದಿ ಎಲ್ಲ ಹೇಳಿ ಮುಗಿಸಿದಳು. ಸಿಡಿಲು ಬಡಿಯಲಿಲ್ಲ. ಹೊತ್ತು ಮುಗಿದ ಮೇಲೆ ಬಕೆಟ್ ಹಿಡಿದು ಎದ್ದಳು.

"ಏನೂ ಆಗ್ಲೇ ಇಲ್ವಲ್ಲ ಸರ್, ಸುಮ್ನೆ ಕೂರಿಸಿಬುಟ್ರಿ."

ಸಿದ್ದಮಲ್ಲಪ್ಪ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು.

"ಹೂಂ ಕಣಮ್ಮ. ಅವಳನ್ನೂ ಇಷ್ಟೇ ಹೊತ್ತು ಸುಮ್ನೆ ಕೂರಿಸಿಕೊಂಡಿದ್ದಿದ್ರೆ ಸಾಕಾಗಿತ್ತು."