ಪಿಸ್ತೂಲಿಗೆ ಹಚ್ಚಿದ ಕುಂಕುಮ

ಮಿಸ್ತ್ರಿಯವರ ಬಲಗೈ ತೋರುಬೆರಳಿಗೆ ಉಗುರಿರಲಿಲ್ಲ. ಹರೆಯದಲ್ಲಿ ಯಾವುದೋ ಬಂದೂಕಿನ ಸ್ಪ್ರಿಂಗು ಸಿಡಿದು ಹಾರಿಸಿಕೊಂಡು ಹೋಗಿತ್ತಂತೆ. ಆ ಬೆರಳ ತುದಿ ಕೂಸಿನ ಕೆನ್ನೆಯ ಹಾಗೆ ಕೆಂಪಗೆ, ಮೆತ್ತಗಿತ್ತು. ಅದನ್ನು ನಳಿಗೆಯ ಬಾಯಿಗೆ ಒತ್ತಿ, ಕಣ್ಣು ಮುಚ್ಚಿ, "ಇನ್ನೂ ಕಸ ಐತಿ, ತಿಕ್ಕ ತಂಗಿ" ಎನ್ನುತ್ತಿದ್ದರು. ನನ್ನ ಎರಡು ಕಣ್ಣಿಗೆ ಕಾಣದ್ದು ಅವರ ಒಂದು ಬೆರಳಿಗೆ ತಿಳಿಯುತ್ತಿತ್ತು.

ಕುಡಚಿಯ ಸ್ಟೇಶನ್ ದಾರಿಯಲ್ಲಿ ಅವರ ಅಂಗಡಿ. ಲೈಸೆನ್ಸ್ ಇದ್ದವರ ಬಂದೂಕು, ಪಿಸ್ತೂಲು ರಿಪೇರಿ ಮಾಡುತ್ತಿದ್ದರು. ಗಂಡ ಸತ್ತ ಮೇಲೆ ನಾನು ಅಲ್ಲಿ ಕೆಲಸಕ್ಕೆ ನಿಂತೆ. ಅವರು ಬಿಚ್ಚಿ ಕೊಟ್ಟದ್ದನ್ನು ಚಿಮಣಿ ಎಣ್ಣೆಯಲ್ಲಿ ತೊಳೆದು ಅರಿವೆಯಿಂದ ಒರೆಸುವುದು ನನ್ನ ಕೆಲಸ. ಸಾಬರ ಅಂಗಡಿಯಲ್ಲಿ ಪಿಸ್ತೂಲು ತೊಳೆಯುವ ಹೆಂಗಸು ಎಂದು ಓಣಿಯವರು ಆಡಿಕೊಂಡರು. ಆಡಿಕೊಂಡವರು ಯಾರೂ ನನ್ನ ಒಲೆ ಹೊತ್ತಿಸಲಿಲ್ಲ. ಎರಡನೇ ಇಯತ್ತೆಗೆ ಸಾಲೆ ಬಿಟ್ಟವಳಿಗೆ ನಾಲ್ಕು ಅಕ್ಷರ ತಿದ್ದಿಸಿದವರೂ ಮಿಸ್ತ್ರಿಯವರೇ.

ಬಂದವರೆಲ್ಲ ಕೇಳುವುದು ಒಂದೇ ಮಾತು.

"ಮಿಸ್ತ್ರಿ, ಪಿಸ್ತೂಲ ತುಟ್ಟಿದು ತಗೊಳ್ಳಲ್ಯೋ, ಸೋವಿದು ತಗೊಳ್ಳಲ್ಯೋ?"

"ಎರಡಕ್ಕೂ ಹಾಕೂದು ಒಂದ ಎಣ್ಣಿರಿ. ತುಟ್ಟಿದು ಅಂತ ಅದೇನ ತನ್ನ ಮೈ ತಾನ ತೊಳಕೊಳ್ಳಂಗಿಲ್ಲ."

ಹಾಗೆಂದು ಸೋವಿಯದೆಲ್ಲ ಚಲೋ ಎಂದು ಅವರು ಹೇಳಿದವರಲ್ಲ. ಕೆಲವನ್ನು ಒಮ್ಮೆ ತಿರುಗಿಸಿ ನೋಡಿ ಹಿಂದೆ ಸರಿಸುತ್ತಿದ್ದರು. "ಇದನ್ನ ಗ್ವಾಡಿಗಿ ತೂಗ ಹಾಕ್ರಿ, ಕೈಯಾಗ ಹಿಡೀಬ್ಯಾಡ್ರಿ" ಎನ್ನುತ್ತಿದ್ದರು.

ಆ ವರ್ಷ ಖಂಡೇನವಮಿ ಶುಕ್ರವಾರ ಬಿತ್ತು. ಎರಡು ಪಿಸ್ತೂಲು ರಿಪೇರಿಯಾಗಿ ಮೇಜಿನ ಮೇಲಿದ್ದವು. ಒಂದು ಅಂಕಲಿಯ ಹಳೆಯ ಸಿಪಾಯಿಯದು. ಸೋವಿಯದು, ಹಿಡಿಕೆ ಸವೆದಿತ್ತು, ಅಲ್ಲಾಡಿಸಿದರೆ ಗಳಗಳ ಅನ್ನುತ್ತಿತ್ತು. ಇನ್ನೊಂದು ಅಥಣಿ ಕಡೆಯ ಕಬ್ಬಿನ ಸಾವಕಾರನದು. ಪರದೇಶದ್ದು, ಮಕಮಲ್ಲಿನ ಡಬ್ಬಿಯಲ್ಲಿ ಮಲಗುವಂಥದ್ದು, ಒಳಗೆ ಎಳೆ ದಾರ ತೂರಲೂ ಸಂದಿಲ್ಲದಷ್ಟು ಬಿಗಿ. ಮಿಸ್ತ್ರಿ ಎರಡನ್ನೂ ಬೆರಳಿಟ್ಟು ನೋಡಿ, ಸರಿ ಐತಿ ಎಂದು, ಮಧ್ಯಾಹ್ನದ ನಮಾಜಿಗೆ ಹೋದರು.

ಪ್ರತಿ ವರ್ಷ ಆ ದಿನ ಅಂಗಡಿಯ ಸುತ್ತಿಗೆ, ಅರಗಳಿಗೆ ನಾನು ಪೂಜೆ ಮಾಡುತ್ತಿದ್ದೆ. ಅವರು ಬೇಡ ಅನ್ನಲಿಲ್ಲ, ಒಡೆದ ಕಾಯಿಯ ಚೂರನ್ನೂ ತಿನ್ನುತ್ತಿದ್ದರು. "ಪಿಸ್ತೂಲಿಗೆ ಮಾತ್ರ ಕುಂಕುಮ ಹಚ್ಚಬ್ಯಾಡ ತಂಗಿ. ಅದಕ್ಕ ಎಣ್ಣಿನ ಪೂಜಿ" ಎಂದು ಪ್ರತಿ ಸಲ ಹೇಳುತ್ತಿದ್ದರು. ಆ ದಿನ ನನ್ನ ತಲೆಗೆ ಏನು ಬಂತೋ. ಸವೆದ ಸುತ್ತಿಗೆಗೆ ಕುಂಕುಮ ಸಿಗುತ್ತದೆ, ಇಷ್ಟು ತುಟ್ಟಿ ಸಾಮಾನು ಹಬ್ಬದ ದಿನ ಬರಿಹಣೆಯಲ್ಲಿ ಕೂಡಬೇಕೇ ಅನಿಸಿತು. ಎರಡಕ್ಕೂ ಕುಂಕುಮ, ಅರಿಶಿಣದ ಭಂಡಾರ ಏರಿಸಿದೆ, ಕಾಯಿನೀರು ಚಿಮುಕಿಸಿದೆ. ಮಿಸ್ತ್ರಿಯ ಚಪ್ಪಲಿ ಸಪ್ಪಳ ಕೇಳಿ ಸೆರಗಿನಿಂದ ಮೇಲೆ ಮೇಲೆ ಒರೆಸಿದೆ. ಸಂದಿಯೊಳಗೆ ಹೋದದ್ದು ಕಾಣಲಿಲ್ಲ ಎಂದರೆ ಸುಳ್ಳು. ಕಂಡಿತು. ಇಷ್ಟರಿಂದ ಏನಾದೀತು ಅಂದುಕೊಂಡೆ. ಸಂಜೆಗೆ ಇಬ್ಬರೂ ಬಂದು ಒಯ್ದರು.

ಸಿಪಾಯಿ ಪ್ರತಿ ರವಿವಾರ ತನ್ನದನ್ನು ಬಿಚ್ಚಿ ಒರೆಸುವವನು. ಅದಕ್ಕೇನೂ ಆಗಲಿಲ್ಲ. ಸಾವಕಾರ ಡಬ್ಬಿಗೆ ಬೀಗ ಜಡಿದು ತಿಜೋರಿಯಲ್ಲಿಟ್ಟ. ಕಬ್ಬು ಕಡಿಯುವ ದಿನ ಸೊಂಟಕ್ಕೆ ಸಿಗಿಸಿಕೊಂಡು ಹೊಲಕ್ಕೆ ಹೋದ. ಕಡಿಯುತ್ತ ಕಡಿಯುತ್ತ ಕಬ್ಬು ನಾಲ್ಕು ಸಾಲಿಗೆ ಬಂದಾಗ ಒಳಗೆ ಅಡಗಿದ್ದ ಹಂದಿ ಹೊರಬಿದ್ದು ಅವನ ಮೇಲೆಯೇ ಬಂತು. ಪಿಸ್ತೂಲು ತೆಗೆದು ಕುದುರೆ ಒತ್ತಿದ. ಗುಂಡು ಹಾರಲಿಲ್ಲ. ಹಂದಿ ತೊಡೆ ಸೀಳಿತು.

ಎರಡು ತಿಂಗಳು ಮಿರಜದ ದವಾಖಾನೆಯಲ್ಲಿ ಮಲಗಿ ಎದ್ದು, ಕೋಲು ಊರಿಕೊಂಡು ಅಂಗಡಿಗೆ ಬಂದ. ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದ.

"ಏ ಮಿಸ್ತ್ರಿ, ತುಟ್ಟಿದು ಸೋವಿದು ಒಂದ ಅಂತಿದ್ದೆಲ್ಲೋ! ಆ ಸಿಪಾಯಿ ತಗಡ ಇವತ್ತೂ ಹಾರತೈತಿ. ನಂದಕ್ಕ ಏನ ಮಾಡಿ ಕೊಟ್ಟಿ ಹೇಳ!"

ಮಿಸ್ತ್ರಿ ಬಿಚ್ಚಿದರು. ಉಗುರಿಲ್ಲದ ಬೆರಳನ್ನು ಒಳಗೆ ಹಾಕಿ ತೆಗೆದರೆ ತುದಿಗೆ ತುಕ್ಕಿನಂಥ ಕೆಂಪು ಕೆಸರು. ಮೂಸಿ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ನಾನು ತಲೆ ಬಗ್ಗಿಸಿ ಎಣ್ಣೆಯ ತಟ್ಟೆಯಲ್ಲಿ ಕೈ ಆಡಿಸುತ್ತ ಕೂತೆ.

"ಜಂಗ ಹಿಡದೈತ್ರಿ ಸಾವ್ಕಾರ್ರ" ಎಂದರು. "ನಾ ಎಣ್ಣಿ ಸರಿ ಹಾಕಿರಲಿಲ್ಲ. ಸಾಮಾನಿಂದ ಏನೂ ತಪ್ಪಿಲ್ಲ. ತಪ್ಪ ನನ್ನ ಕೈದು."

"ಕೈ ಕೆಟ್ಟಮ್ಯಾಲ ಮನ್ಯಾಗ ಕುಂಡ್ರಬೇಕಪಾ. ಮಂದಿ ಜೀವದ ಜೋಡಿ ಆಡಬಾರದು."

"ಹೌದ್ರಿ" ಎಂದರು ಮಿಸ್ತ್ರಿ.

ಅವನು ಹೋದ ಮೇಲೆ ಬೈಗುಳಕ್ಕೆ ಕಾದೆ. ಅವರು ಅರಿವೆ ತೋಯಿಸುತ್ತಿದ್ದರು. ನಾನೇ ಕೇಳಿದೆ, "ಅಣ್ಣಾರ, ಯಾಕ ಹೇಳಲಿಲ್ಲ?"

"ನನಗ ಬೈದ್ರು, ಹ್ವಾದ್ರು. ನಿನಗಾದ್ರ ಬಡೀತಿದ್ರು. ಬಡಿಸಿಕೊಂಡಾಕಿಗೆ ಈ ಊರಾಗ ಮತ್ಯಾರ ಕೆಲಸ ಕೊಡ್ತಿದ್ರು?" ಆಮೇಲೆ ಗಡ್ಡ ತುರಿಸಿಕೊಂಡು, "ಬರೂ ಹಬ್ಬಕ್ಕ ನನ್ನ ಗಡ್ಡಕ್ಕ ಕುಂಕುಮ ಹಚ್ಚವಾ, ಪಿಸ್ತೂಲಿಗೆ ಬ್ಯಾಡ" ಎಂದರು. ನನಗೆ ನಗು ಬರಲಿಲ್ಲ.

ಬರುವ ಹಬ್ಬಕ್ಕೆ ಅಂಗಡಿಯಲ್ಲಿ ಪಿಸ್ತೂಲೇ ಇರಲಿಲ್ಲ. ಮಿಸ್ತ್ರಿಯ ಕೈ ಕೆಟ್ಟಿದೆ ಎಂಬ ಮಾತು ರಾಯಬಾಗ, ಚಿಕ್ಕೋಡಿಯ ತನಕ ಹೋಗಿತ್ತು. ಅಂಕಲಿಯ ಸಿಪಾಯಿ ಒಬ್ಬನೇ ಬರುತ್ತಿದ್ದ, ಅವನೂ ತೀರಿಕೊಂಡ. ಆಮೇಲೆ ಮಿಸ್ತ್ರಿ ದ್ರಾಕ್ಷಿಗೆ ಔಷಧ ಹೊಡೆಯುವ ಪಂಪು ರಿಪೇರಿಗೆ ಇಳಿದರು. ಬಂದೂಕಿನ ಕೆಲಸದವರು ಪಂಪಿನ ಮುಂದೆ ಕೂಡುವುದನ್ನು ನಾನು ದಿನಾ ಎದುರಿಗೆ ಕೂತು ನೋಡಿದೆ. ಒಂದು ದಿನವೂ ನನ್ನನ್ನು ಚುಚ್ಚಲಿಲ್ಲ. ಚುಚ್ಚಿದ್ದರೆ ಹಗುರಾಗುತ್ತಿತ್ತು.

ಹೋದ ಬೇಸಿಗೆಯಲ್ಲಿ ತೀರಿಕೊಂಡರು. ಮಣ್ಣಿಗೆ ಸಾವಕಾರನೂ ಕುಂಟುತ್ತ ಬಂದಿದ್ದ. ಅಂಗಳದಲ್ಲಿ ನಿಂತು, "ಮನಶ್ಯಾ ಚಲೋ ಇದ್ದ. ಕಡೀಕ ಕೈ ಕೆಟ್ಟಿತ್ತು" ಎಂದ. ನಾನು ಅಲ್ಲೇ ಇದ್ದೆ. ಬಾಯಿ ಇತ್ತು, ತೆರೆಯಲಿಲ್ಲ.

ಅವರ ಕೈ ಕೆಟ್ಟಿರಲಿಲ್ಲ. ಸಾಯುವ ಮುಂಚಿನ ವಾರವೂ ಪಂಪಿನ ತೂತಿನಲ್ಲಿ ಕೂದಲಿನಷ್ಟು ಕಸ ಇದ್ದರೆ ಆ ಬೆರಳು ಹಿಡಿಯುತ್ತಿತ್ತು. ಅವರು ತಿದ್ದಿಸಿದ ಅಕ್ಷರದಲ್ಲೇ ಇದನ್ನು ಬರೆದಿದ್ದೇನೆ. ಸಾವಕಾರ ಇನ್ನೂ ಇದ್ದಾನೆ, ಓದು ಬಲ್ಲವನು, ಓದಲಿ. ಅವನು ಅಂದು ಕಂಡದ್ದು ಜಂಗಲ್ಲ. ನನ್ನ ತಾಟಿನ ಕುಂಕುಮ.